ಹಾಳೆಯ ಮೇಲೆ ಕೈ ಗುಂಡಗಾಗುವುದು ಹೇಗೆ?

ಕಿಟಕಿ ಪಕ್ಕ ಕೂತ ಅಜ್ಜಿಯನ್ನು ನೋಡಿಕೊಂಡು ಚಿತ್ರ ಬಿಡಿಸಿದ್ದೀರಿ. ಮೂಗು ಅಜ್ಜಿಯದೇ, ಸೆರಗೂ ಸರಿಯಾಗಿದೆ. ಕೈ ಮಾತ್ರ ರಟ್ಟು ಕತ್ತರಿಸಿ ಅಂಟಿಸಿದ ಹಾಗೆ ಚಪ್ಪಟೆ. ಗೆರೆ ಅಂಚು ಎಲ್ಲಿದೆ ಎಂದಷ್ಟೇ ಹೇಳಿದೆ, ಮೈ ಎತ್ತ ತಿರುಗಿದೆ ಎಂದು ಹೇಳಿಲ್ಲ. ಇವತ್ತು ಆ ಮುಂಗೈಯೊಂದನ್ನೇ ಸರಿಮಾಡೋಣ.

ತಿಳಿ ಗೆರೆಗೆ ಎಚ್‌ಬಿ, ಕಪ್ಪು ತುಂಬಲು ಮೆತ್ತನೆಯ 4ಬಿ ಪೆನ್ಸಿಲ್, ಒಂದು ರಬ್ಬರ್ ಸಾಕು. ಟ್ಯೂಬ್‌ಲೈಟ್ ಆರಿಸಿಬಿಡಿ, ಬೆಳಕು ಕಿಟಕಿಯಿಂದಷ್ಟೇ ಬರಲಿ.

ಮೊದಲು ಬಳೆ. ಮುಂಗೈಯನ್ನು ಒಂದು ಕೊಳವೆ ಎಂದುಕೊಂಡು ಎಚ್‌ಬಿಯಲ್ಲಿ ತೆಳುವಾಗಿ ಎಳೆಯಿರಿ. ಈಗ ಅಜ್ಜಿಯ ಬಳೆ ನೋಡಿ. ಕೈ ಅಡ್ಡಕ್ಕಿದ್ದರೆ ಅದು ಹೆಚ್ಚುಕಡಿಮೆ ನೇರ ಗೆರೆ. ಕೈ ನಿಮ್ಮತ್ತ ಚಾಚಿದಷ್ಟೂ ಬಳೆ ಬಾಯಿ ತೆರೆಯುತ್ತದೆ, ಕಾಣುವ ಬಾಗು ಮೊಣಕೈ ಕಡೆಗೆ ಉಬ್ಬುತ್ತದೆ. ಕೈ ಆಚೆ ಚಾಚಿದ್ದರೆ ಉಬ್ಬು ಬೆರಳುಗಳ ಕಡೆಗೆ. ಇದೊಂದನ್ನು ತಿರುವುಮುರುವು ಮಾಡಿದರೆ ಎಷ್ಟು ಶೇಡಿಂಗ್ ತುಂಬಿದರೂ ಕೈ ಸರಿಹೋಗದು. ಬಳೆ ಇಲ್ಲದವರಲ್ಲಿ ರವಿಕೆಯ ತೋಳಿನ ಅಂಚು, ವಾಚಿನ ಪಟ್ಟಿ, ಮಣಿಕಟ್ಟಿನ ಸುಕ್ಕು ಇದೇ ಕೆಲಸ ಮಾಡುತ್ತವೆ.

ಆಮೇಲೆ ಅಂಚಿನ ಗೆರೆ. ತಂತಿ ಬಗ್ಗಿಸಿದಂತೆ ಸುತ್ತಲೂ ಒಂದೇ ದಪ್ಪ ಬೇಡ. ಬೆಳಕು ಬೀಳುವ ಕಡೆ ಗೆರೆ ತೆಳುವಾಗಲಿ, ಅಲ್ಲಲ್ಲಿ ಕಡಿದುಹೋದರೂ ಸರಿ; ಕೈ ತೊಡೆಗೆ ಒತ್ತಿದ ಕಡೆ ಗಾಢವಾಗಲಿ. ಹೆಬ್ಬೆರಳ ಬುಡದ ಉಬ್ಬು ಮಣಿಕಟ್ಟನ್ನು ಮರೆಮಾಡುವಲ್ಲಿ ಅದರ ಗೆರೆ ತುಸು ಒಳಗೆ ನುಗ್ಗಿ ಕರಗಲಿ. ಯಾವುದು ಮುಂದೆ, ಯಾವುದು ಹಿಂದೆ ಎಂದು ಕಣ್ಣಿಗೆ ತಿಳಿಯುವುದು ಅಲ್ಲೇ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳು ಸಿಕ್ಕರೆ ಬಿಡದೆ ನೋಡಿ. ಕೆಲವೇ ಗೆರೆಗಳಲ್ಲಿ ಮೈ ಕುಣಿಯುತ್ತದೆ.

ಇನ್ನು ಶೇಡಿಂಗ್. ಕಣ್ಣು ಕಿರಿದು ಮಾಡಿ ನೋಡಿ. ಕೈ ಎರಡೇ ಭಾಗವಾಗಿ ಕಾಣುತ್ತದೆ: ಬೆಳಕಿನ ಬದಿ, ನೆರಳಿನ ಬದಿ. ಎರಡರ ಗಡಿಯನ್ನು ಹಗುರಾಗಿ ಗುರುತಿಸಿ, ನೆರಳಿನ ಬದಿಗೆಲ್ಲ ಒಂದೇ ಸಮ ಬಣ್ಣ ತುಂಬಿ. ಎಲ್ಲರೂ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಅತಿ ಕಪ್ಪು ಇರುವುದು ಕೈಯ ಹೊರ ಅಂಚಿನಲ್ಲಲ್ಲ, ಗಡಿ ದಾಟಿದೊಡನೆ ಸಿಗುವ ಪಟ್ಟಿಯಲ್ಲಿ. ಅಂಚಿನ ಹತ್ತಿರ ಅಜ್ಜಿಯ ಬಿಳಿ ಸೀರೆಗೆ ಬಡಿದು ಮರಳಿದ ಬೆಳಕು ಬಿದ್ದು ಕಪ್ಪು ಕೊಂಚ ತಿಳಿಯಾಗಿರುತ್ತದೆ. ನಾನೂ ಬಹಳ ಕಾಲ ಅಂಚಿಗೇ ಕಪ್ಪು ಮೆತ್ತಿದವನೇ. ಆದರೆ ಆ ಮರುಬೆಳಕನ್ನು ಬೆಳಕಿನ ಬದಿಯಷ್ಟು ಬೆಳ್ಳಗೆ ಮಾಡಿದಿರೋ, ಕೈ ಸ್ಟೀಲ್ ಪೈಪಾಯಿತು!

ಶೇಡಿಂಗ್ ಗೆರೆಗಳು ಬಳೆಯ ಬಾಗನ್ನೇ ಅನುಸರಿಸಲಿ. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಚಿತ್ರಕಲೆಯನ್ನು ಹೇಳುವ ಭಾಗವಾದ ಚಿತ್ರಸೂತ್ರದಲ್ಲಿ ಶೇಡಿಂಗ್‌ಗೆ ‘ವರ್ತನ’ ಎಂಬ ಹೆಸರಿದೆ. ಎಲೆಯಂಥ ಗೆರೆ, ಸೂಕ್ಷ್ಮ ಗೆರೆ, ಚುಕ್ಕಿ ಎಂದು ಮೂರು ಬಗೆ. ಯಾವುದಾದರೂ ಆಗಬಹುದು, ಬೆರಳಲ್ಲಿ ಉಜ್ಜಬೇಡಿ. ಉಜ್ಜಿದರೆ ಗೆರೆಯ ದಿಕ್ಕೇ ಅಳಿಸಿ ಮಸಿ ಉಳಿಯುತ್ತದೆ.

ಕೊನೆಗೆ ಬಿದ್ದ ನೆರಳು. ತೊಡೆಯ ಮೇಲಿನ ಕೈಯ ನೆರಳು ಕೈಗೆ ತಾಗಿದ ಕಡೆ ಚೂಪು, ದೂರ ಸರಿದಂತೆ ಮಸುಕು. ಬಳೆಯ ಸಣ್ಣ ನೆರಳೂ ಮುಂಗೈ ಮೇಲೆ ಬಾಗಿಯೇ ಬೀಳುತ್ತದೆ. ರಬ್ಬರಿನ ಮೂಲೆಯಿಂದ ಗಾಜಿನ ಬಳೆಯ ಮೇಲೊಂದು ಬಿಳಿ ಚುಕ್ಕಿ ಎತ್ತಿ.

ಅಷ್ಟರಲ್ಲಿ ಅಜ್ಜಿ ಕಾಫಿಗೆ ಎದ್ದು ಹೋಗಿದ್ದರೆ ನಿಮ್ಮ ಎಡಗೈಗೇ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಂಡು ಮುಂದುವರಿಸಿ.