ಕುಲೆಬ್ರಾದಲ್ಲಿ ಸ್ನಾರ್ಕ್ಲಿಂಗ್: ಹೊರಡುವ ಮೊದಲು, ನೀರಿಗಿಳಿದ ಮೇಲೆ

ಪೋರ್ಟೊ ರಿಕೊದ ಪೂರ್ವಕ್ಕೆ ಸುಮಾರು 27 ಕಿಲೋಮೀಟರ್ ದೂರದಲ್ಲಿರುವ ಕುಲೆಬ್ರಾ, ಒಂದೇ ಪುಟ್ಟ ಪಟ್ಟಣವಿರುವ ಕೆರಿಬಿಯನ್ ದ್ವೀಪ. ಮುಖವಾಡ, ಉಸಿರುಕೊಳವೆ ಧರಿಸಿ ನೀರಿನ ಮೇಲೆ ತೇಲುತ್ತಾ ಕಡಲೊಳಗನ್ನು ನೋಡುವುದೇ ಸ್ನಾರ್ಕ್ಲಿಂಗ್. ಪೋರ್ಟೊ ರಿಕೊ ಅಮೆರಿಕದ ಆಡಳಿತಕ್ಕೆ ಸೇರಿರುವುದರಿಂದ ಭಾರತದಿಂದ ಹೋಗುವವರಿಗೆ ಅಮೆರಿಕದ ವೀಸಾ ಬೇಕು. ಅಮೆರಿಕದಲ್ಲೇ ನೆಲೆಸಿರುವ ಕನ್ನಡಿಗರಿಗೆ ಇದು ದೇಶದೊಳಗಿನ ಪ್ರಯಾಣವಾದರೂ ಪಾಸ್‌ಪೋರ್ಟ್, ವೀಸಾ ದಾಖಲೆಗಳು ಜೊತೆಗಿರಲಿ.

ಮೊದಲು ಕಾಲವನ್ನು ಆರಿಸಿಕೊಳ್ಳಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಋತು. ಚಳಿಗಾಲದಲ್ಲಿ ಉತ್ತರದಿಂದ ದೊಡ್ಡ ಅಲೆಗಳು ಬರುವುದುಂಟು. ಹೀಗಾಗಿ ಏಪ್ರಿಲ್, ಮೇ ತಿಂಗಳುಗಳೇ ಮೇಲು. ಪೋರ್ಟೊ ರಿಕೊದ ರಾಜಧಾನಿ ಸಾನ್ ಹುವಾನ್‌ನಲ್ಲಿ ಇಳಿದು, ರಸ್ತೆಯಲ್ಲಿ ಸೇಬಾ ಬಂದರಿಗೆ ಹೋಗಿ ಫೆರಿ ಹಿಡಿಯಬೇಕು. ದ್ವೀಪದವರು ಸಾಮಾನಿಗೂ ಆಸ್ಪತ್ರೆಗೂ ಇದೇ ಫೆರಿಯನ್ನು ನಂಬಿಕೊಂಡಿರುವುದರಿಂದ ಅವರಿಗೆ ಆದ್ಯತೆ ಇದೆ, ಅದು ನ್ಯಾಯವೂ ಹೌದು. ನೀವು ಟಿಕೆಟನ್ನು ಆನ್‌ಲೈನಿನಲ್ಲಿ ಮುಂಚಿತವಾಗಿ ಕೊಂಡಿಟ್ಟುಕೊಳ್ಳಿ. ಬಾಡಿಗೆ ಕಾರನ್ನು ಸೇಬಾದಲ್ಲೇ ಬಿಟ್ಟು, ದ್ವೀಪದಲ್ಲಿ ಜೀಪು ಅಥವಾ ಗಾಲ್ಫ್ ಕಾರ್ಟ್ ಹಿಡಿಯಿರಿ.

ಹೆಚ್ಚಿನವರು ಫ್ಲಮೆಂಕೊ ಕಡಲತೀರದ ಬಿಳಿ ಮರಳನ್ನೂ, 1975ರಲ್ಲಿ ಅಮೆರಿಕದ ನೌಕಾಪಡೆ ತಾಲೀಮು ನಿಲ್ಲಿಸಿದ ಮೇಲೆ ಅಲ್ಲೇ ಉಳಿದು ತುಕ್ಕು ಹಿಡಿದಿರುವ ಟ್ಯಾಂಕುಗಳನ್ನೂ ನೋಡಿ ಮರಳುತ್ತಾರೆ. ಹವಳ ನೋಡಬೇಕೆಂದರೆ ಅಲ್ಲಿನ ವಾಹನ ನಿಲುಗಡೆಯ ಬಳಿಯಿಂದ ದಿಣ್ಣೆ ದಾಟಿ ಹೋಗುವ ಕಾಲುದಾರಿಯಲ್ಲಿ ನಡೆದು ಕಾರ್ಲೋಸ್ ರೊಸಾರಿಯೊ ತೀರಕ್ಕೆ ಹೋಗಬೇಕು. ದಾರಿ ಬಿಟ್ಟು ಸರಿಯಬೇಡಿ, ಯಾವ ಲೋಹದ ತುಂಡನ್ನೂ ಮುಟ್ಟಬೇಡಿ; ಸಿಡಿಯದ ಮದ್ದುಗುಂಡುಗಳು ಈ ಭಾಗದಲ್ಲಿ ಇನ್ನೂ ಉಳಿದಿವೆ.

ನೀರಿಗಿಳಿಯುವ ಮುನ್ನ ಮುಖವಾಡದ ಗಾಜಿನ ಒಳಬದಿಗೆ ಉಗುಳು ಸವರಿ ತೊಳೆದರೆ ಮಂಜು ಕಟ್ಟುವುದಿಲ್ಲ. ಅಂಚಿನಡಿ ಒಂದೆಳೆ ಕೂದಲು ಸಿಕ್ಕಿಕೊಂಡರೂ ನೀರು ಒಳನುಗ್ಗುತ್ತದೆ, ಆದ್ದರಿಂದ ಹಣೆಯನ್ನು ಬೆರಳಿನಿಂದ ಒರೆಸಿಕೊಂಡೇ ಧರಿಸಿ. ಸೊಂಟದ ಮಟ್ಟದ ನೀರಿನಲ್ಲಿ ನಿಂತು, ಮುಖ ಮುಳುಗಿಸಿ ಬಾಯಿಯಿಂದ ನಿಧಾನವಾಗಿ ಉಸಿರಾಡುವುದನ್ನು ರೂಢಿಸಿಕೊಳ್ಳಿ. ಕೊಳವೆಗೆ ನೀರು ಬಂದರೆ ಒಮ್ಮೆ ಬಲವಾಗಿ ಊದಿದರೆ ಸಾಕು. ಈಜು ಬಾರದವರು ಲೈಫ್ ಜಾಕೆಟ್ ಧರಿಸಲೇಬೇಕು, ಈಜು ಬಲ್ಲವರೂ ಒಂಟಿಯಾಗಿ ಹೋಗಬಾರದು. ದಡಕ್ಕೆ ಸಮೀಪದಲ್ಲೇ ಹವಳದ ದಿಬ್ಬಗಳಿವೆ. ಸುಮ್ಮನೆ ತೇಲುತ್ತಿದ್ದರೆ ಗಿಳಿಮೀನುಗಳು ಹವಳದ ಮೇಲಿನ ಪಾಚಿಯನ್ನು ಕೆರೆದು ತಿನ್ನುವ ಕರಕರ ಸದ್ದು ನೀರೊಳಗೇ ಕೇಳಿಸುತ್ತದೆ. ಹವಳ ಕಲ್ಲಿನಂತೆ ಕಂಡರೂ ಜೀವಂತ ಪ್ರಾಣಿ. ಅದರ ಮೇಲೆ ಕಾಲೂರಬೇಡಿ. ಬಿಸಿಲಿಗೆ ಲೇಪನ ಬಳಿದುಕೊಳ್ಳುವುದಕ್ಕಿಂತ ಉದ್ದ ತೋಳಿನ ಈಜುಡುಗೆ ತೊಡುವುದು ಲೇಸು. ಪಶ್ಚಿಮ ತೀರದ ಲೂಯಿಸ್ ಪೆನ್ಯಾ ಎಂಬ ಕಡಲ ಕಾಲುವೆಯಲ್ಲಿ 1999ರಿಂದ ಮೀನುಗಾರಿಕೆಗೆ ನಿಷೇಧವಿದೆ. ಇಂಥ ನೀರಿಗೆ ಇಳಿಯುವವರ ಮೇಲೂ ಹೊಣೆಯಿದೆ.

ಆಮೆಗಳನ್ನು ನೋಡಲು ಟಮರಿಂಡೊ ತೀರಕ್ಕೆ ಬೆಳಿಗ್ಗೆ ಹೋಗಿ. ಅಲ್ಲಿ ಹಸಿರಾಮೆಗಳು ಕಡಲಹುಲ್ಲು ಮೇಯುತ್ತವೆ. ಉಸಿರಿಗಾಗಿ ಮೇಲೇರುವಾಗ ಅವುಗಳ ದಾರಿಗೆ ಅಡ್ಡ ಹೋಗದೆ ದೂರದಲ್ಲೇ ನಿಲ್ಲಿ.

ಕುಡಿಯುವ ನೀರನ್ನು ಹೊತ್ತೊಯ್ಯಿರಿ, ಕಸವನ್ನು ಮರಳಿ ತನ್ನಿ. ಸಾನ್ ಹುವಾನ್‌ನಿಂದ ಅಮೆರಿಕದ ಮುಖ್ಯಭೂಮಿಗೆ ಹೊರಡುವ ಮುನ್ನ ಹಣ್ಣು, ಸಸಿಗಳಿಗಾಗಿ ಕೃಷಿ ಇಲಾಖೆಯವರು ಸಾಮಾನು ತಪಾಸಣೆ ಮಾಡುವುದರಿಂದ, ಉಳಿದ ಹಣ್ಣನ್ನು ಮೊದಲೇ ತಿಂದು ಮುಗಿಸಿ ನಿಲ್ದಾಣಕ್ಕೆ ತುಸು ಬೇಗ ತಲುಪಿ.