ರಕ್ತನಾಳದ ಕೋಶ ಎಷ್ಟು ಸಕ್ಕರೆ ಉರಿಸುತ್ತದೆ: ಅಳೆದು ನೋಡುವ ಬಗೆ

ಕೆಆರ್‌ಎಸ್‌ನಲ್ಲಿ ಬಿಟ್ಟ ನೀರನ್ನೆಲ್ಲ ವಿಶ್ವೇಶ್ವರಯ್ಯ ನಾಲೆಯ ದಂಡೆಯೇ ಹೀರಿಕೊಂಡರೆ ಮದ್ದೂರು, ಮಳವಳ್ಳಿಯ ಕೊನೇ ಭಾಗದ ಗದ್ದೆಗೆ ಏನು ಉಳಿದೀತು? ರಕ್ತನಾಳದ ಒಳಗೋಡೆಗೆ ಹಾಸಿಕೊಂಡಿರುವ ಎಂಡೋಥೀಲಿಯಲ್ ಕೋಶಗಳು ಹಾಗೆ ಹೀರುವುದಿಲ್ಲ. ಆಮ್ಲಜನಕ ತುಂಬಿದ ರಕ್ತ ಮೈಮೇಲೇ ಹರಿಯುತ್ತಿದ್ದರೂ ಅದನ್ನು ಮುಂದಿನ ಅಂಗಾಂಶಕ್ಕೆ ಬಿಟ್ಟು, ತಮ್ಮ ಎಟಿಪಿಯಲ್ಲಿ (ಕೋಶದ ಶಕ್ತಿಯ ನಾಣ್ಯ) ಶೇ. 80ಕ್ಕೂ ಹೆಚ್ಚು ಪಾಲನ್ನು, ಆಮ್ಲಜನಕ ಬೇಡದ ಹಾದಿಯಲ್ಲಿ ಗ್ಲೂಕೋಸನ್ನು ಲ್ಯಾಕ್ಟೇಟ್‌ವರೆಗೆ ಒಡೆದೇ ಪಡೆಯುತ್ತವೆ. ಕ್ಯಾನ್ಸರ್ ಗಡ್ಡೆ ಹೊಸ ನಾಳ ಚಿಗುರಿಸಿಕೊಳ್ಳುವಾಗ ಈ ಒಲೆಯ ಉರಿ ಇನ್ನೂ ಏರುತ್ತದೆ. ಮೈಸೂರು, ಮಂಡ್ಯದ ಎಂಎಸ್ಸಿ ಪ್ರಯೋಗಾಲಯದಲ್ಲಿ ದುಬಾರಿ ಯಂತ್ರವಿಲ್ಲದೆ, ದ್ರಾವಣದ ಬಣ್ಣದ ಗಾಢತೆ ಅಳೆಯುವ ಒಂದು ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ ಇದನ್ನು ಅಳೆಯಬಹುದು.

ಕೋಶ ಸಿಗುವುದು ಹೊಕ್ಕುಳುಬಳ್ಳಿಯಲ್ಲಿ. ನೈತಿಕ ಸಮಿತಿಯ ಅನುಮತಿ ಮತ್ತು ತಾಯಿಯ ಲಿಖಿತ ಒಪ್ಪಿಗೆ ಇಲ್ಲದೆ ಬಳ್ಳಿಯನ್ನು ಮುಟ್ಟಬೇಡಿ. ಎಚ್‌ಐವಿ, ಹೆಪಟೈಟಿಸ್ ಬಿ ವರದಿ ನೋಡಿಕೊಳ್ಳಿ. ಹೆರಿಗೆಯಾದ ಕೂಡಲೇ 15ರಿಂದ 20 ಸೆಂ.ಮೀ. ತುಂಡನ್ನು ಆಂಟಿಬಯೋಟಿಕ್ ಬೆರೆಸಿದ ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ಹಾಕಿ, 4 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಬಳಸಿ. ಕ್ಲ್ಯಾಂಪ್ ಒತ್ತಿದ ಜಾಗವನ್ನು ಕತ್ತರಿಸಿ ಬಿಸಾಡಿ.

ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿದರೆ ಮೂರು ಬಾಯಿ ಕಾಣುತ್ತವೆ. ಬೆಳ್ಳಗೆ, ಗಟ್ಟಿಯಾಗಿ, ತುಸು ಮೇಲೆದ್ದಿರುವ ಎರಡು ಸಣ್ಣವು ಧಮನಿ. ಸಡಿಲವಾಗಿ ಬಾಯಿಬಿಟ್ಟಿರುವ ದೊಡ್ಡದು ಅಭಿಧಮನಿ. ನಮಗೆ ಬೇಕಾದದ್ದು ಅದೇ. ಅದಕ್ಕೆ ಮೊಂಡು ಸೂಜಿ ಕಟ್ಟಿ, ತಿಳಿಯಾಗುವವರೆಗೆ ಪಿಬಿಎಸ್ ಹಾಯಿಸಿ. ಕೋಶಗಳನ್ನು ಗೋಡೆಯಿಂದ ಬಿಡಿಸುವ ಕಿಣ್ವ, ಶೇ. 0.1ರ ಕೊಲ್ಯಾಜಿನೇಸ್ ಸುಮಾರು 10 ಮಿ.ಲೀ. ತುಂಬಿ 37 ಡಿಗ್ರಿಯಲ್ಲಿ 10ರಿಂದ 12 ನಿಮಿಷ ಇಡಿ. ಇನ್ನೊಂದು ಐದು ನಿಮಿಷ ಬಿಟ್ಟರೆ ಹೆಚ್ಚು ಕೋಶ ಬರುತ್ತವೆ ಎಂಬ ಆಸೆ ಬೇಡ: ಅಡಿಯ ನಯಸ್ನಾಯು ಕೋಶಗಳೂ ಕಿತ್ತುಕೊಂಡು ಬಂದು, ವಾರದಲ್ಲಿ ಇಡೀ ಫ್ಲಾಸ್ಕನ್ನು ಆಕ್ರಮಿಸುತ್ತವೆ. ಹದವಾಗಿ ನೀವಿ, ಮೀಡಿಯಂನಿಂದ (ಕೋಶ ಬೆಳೆಸುವ ಪೋಷಕ ದ್ರವ) ತೊಳೆದು, ಸೆಂಟ್ರಿಫ್ಯೂಜ್‌ನಲ್ಲಿ 250 ಜಿಯಲ್ಲಿ 5 ನಿಮಿಷ ತಿರುಗಿಸಿ, ಜೆಲಾಟಿನ್ ಹಚ್ಚಿದ ಫ್ಲಾಸ್ಕಿಗೆ ಹಾಕಿ. ಎಂ199 ಎಂಬ ಮೀಡಿಯಂ, ಶೇ. 20 ಸೀರಂ, ಬೆಳವಣಿಗೆ ಪೂರಕ ಮತ್ತು ಹೆಪಾರಿನ್ ಸಾಕು. ಸರಿಯಾಗಿ ಬಂದಿದ್ದರೆ ಕೋಶಗಳು ನೆಲಕ್ಕೆ ಹಾಸಿದ ಗುಂಡುಕಲ್ಲಿನಂತೆ ಒತ್ತಾಗಿ ಕೂರುತ್ತವೆ. ಉದ್ದುದ್ದ ಎಳೆಗಳಾಗಿ ಕಂಡರೆ ಅದು ಬೇರೆ ಕೋಶ. ವಾಟರ್ ಬಾತ್‌ಗೆ ನಲ್ಲಿ ನೀರು ಬೇಡ, ಡಿಸ್ಟಿಲ್ಡ್ ನೀರೇ ಹಾಕಿ. ಬಳಸಿದ ಬಳ್ಳಿ ಹಳದಿ ಚೀಲಕ್ಕೆ ಹೋಗಬೇಕು.

ಈಗ ಅಳತೆ. 12 ಗುಳಿಯ ಪ್ಲೇಟಿನಲ್ಲಿ ಗುಳಿಗೆ 1 ಲಕ್ಷ ಕೋಶ ಹಾಕಿ, ಮರುದಿನ ಶೇ. 2 ಸೀರಂ ಇರುವ ಮೀಡಿಯಂ 1 ಮಿ.ಲೀ. ಕೊಡಿ. ಕೋಶವೇ ಇಲ್ಲದ ಮೂರು ಗುಳಿಗೂ ಅದನ್ನೇ ಹಾಕಿ. ಸೀರಂನಲ್ಲಿ ಮೊದಲೇ ಲ್ಯಾಕ್ಟೇಟ್ ಇರುತ್ತದೆ. ಈ ಖಾಲಿ ಗುಳಿಗಳಿಲ್ಲದಿದ್ದರೆ ಅದೂ ಕೋಶದ ಲೆಕ್ಕಕ್ಕೇ ಸೇರಿಬಿಡುತ್ತದೆ. 24 ಗಂಟೆಯ ನಂತರ ಮೀಡಿಯಂ ತೆಗೆದು ಕೋಶ ಎಣಿಸಿ. ಗ್ಲೂಕೋಸ್‌ಗೆ, ಕಿಣ್ವದಿಂದ ಬಣ್ಣ ಬರಿಸುವ ಜಿಒಡಿ-ಪಿಒಡಿ ಕಿಟ್: 10 ಮೈಕ್ರೋಲೀಟರ್ ಮಾದರಿ, 1 ಮಿ.ಲೀ. ರಿಯೇಜೆಂಟ್, 505 ನ್ಯಾನೋಮೀಟರ್. ಲ್ಯಾಕ್ಟೇಟ್‌ಗೆ ಪ್ರತ್ಯೇಕ ಕಿಟ್.

ಹೆಚ್ಚಿನವರು ಎಡವುವುದು ಲೆಕ್ಕದಲ್ಲಿ. ಒಂದು ಗ್ಲೂಕೋಸ್ ಅಣುವಿನಿಂದ ಎರಡು ಲ್ಯಾಕ್ಟೇಟ್ ಬರುತ್ತವೆ. ಕಿಟ್ ಕೊಡುವ ಉತ್ತರ ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಎಂದು. ಗ್ಲೂಕೋಸನ್ನು 18ರಿಂದ, ಲ್ಯಾಕ್ಟೇಟನ್ನು 9ರಿಂದ ಭಾಗಿಸಿ ಮಿಲಿಮೋಲಾರ್‌ಗೆ ತನ್ನಿ. ಉದಾಹರಣೆಗೆ 1.5 ಮಿಲಿಮೋಲಾರ್ ಗ್ಲೂಕೋಸ್ ಇಳಿದು 2.7 ಮಿಲಿಮೋಲಾರ್ ಲ್ಯಾಕ್ಟೇಟ್ ಏರಿದ್ದರೆ ಲ್ಯಾಕ್ಟೇಟ್-ಗ್ಲೂಕೋಸ್ ಅನುಪಾತ 1.8, ಸಕ್ಕರೆ ಹೆಚ್ಚೂಕಡಿಮೆ ಪೂರ್ತಿ ಲ್ಯಾಕ್ಟೇಟ್ ಆಗಿದೆ. ಭಾಗಿಸದೆ ಬಿಟ್ಟರೆ ಅದೇ ಅನುಪಾತ 0.9 ಎಂದು ಬಂದು, ಅರ್ಧ ಗ್ಲೂಕೋಸ್ ಎಲ್ಲಿ ಹೋಯಿತೆಂದು ಹುಡುಕುತ್ತಾ ಕೂರಬೇಕಾಗುತ್ತದೆ. ಗ್ಲೂಕೋಸ್ ಒಡೆಯುವುದನ್ನು ತಡೆಯುವ 2-ಡಿಯಾಕ್ಸಿಗ್ಲೂಕೋಸ್ 5 ಮಿಲಿಮೋಲಾರ್ ಹಾಕಿದ ಗುಳಿಯಲ್ಲಿ ಲ್ಯಾಕ್ಟೇಟ್ ಇಳಿಯಬೇಕು. ಆ ಗುಳಿಯ ಗ್ಲೂಕೋಸ್ ಓದಬೇಡಿ, ಕಿಟ್‌ನ ಕಿಣ್ವ ಆ 2-ಡಿಯಾಕ್ಸಿಗ್ಲೂಕೋಸನ್ನೂ ಸ್ವಲ್ಪ ಕಚ್ಚುತ್ತದೆ.

ಸಕ್ಕರೆ ಕಾಯಿಲೆಯ ಸ್ಥಿತಿ ನೋಡಲು ಗ್ಲೂಕೋಸನ್ನು 5.5ರಿಂದ 25 ಮಿಲಿಮೋಲಾರ್‌ಗೆ ಏರಿಸಿ. ಪಕ್ಕದಲ್ಲಿ 5.5 ಗ್ಲೂಕೋಸ್ ಜೊತೆ, ಕೋಶ ಬಳಸಿಕೊಳ್ಳದ ಮ್ಯಾನಿಟಾಲ್ 19.5 ಇಡಿ, ಇಲ್ಲದಿದ್ದರೆ ಬರೀ ಸಾಂದ್ರತೆಯ ಪರಿಣಾಮವನ್ನು ಸಕ್ಕರೆಯ ತಲೆಗೆ ಕಟ್ಟುತ್ತೀರಿ. ಈ ಕೋಶಗಳು ಇನ್ಸುಲಿನ್‌ಗೆ ಕಾಯದೆ ಗ್ಲೂಕೋಸ್ ಒಳಗೆಳೆದುಕೊಳ್ಳುತ್ತವೆ. ರಕ್ತದಲ್ಲಿ ಸಕ್ಕರೆ ಏರಿದರೆ ಒಳಗೂ ಏರಿ, ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕುಗ್ಗುತ್ತದೆ.

ಗಡ್ಡೆಯ ಪ್ರಭಾವ ನೋಡಲು ಹಲವರು ಕ್ಯಾನ್ಸರ್ ಕೋಶ ಬೆಳೆದ ಮೀಡಿಯಂ ಸುರಿಯುತ್ತಾರೆ. ಆ ಮೀಡಿಯಂನಲ್ಲಿ ಗ್ಲೂಕೋಸ್ ಆಗಲೇ ಖರ್ಚಾಗಿ ಲ್ಯಾಕ್ಟೇಟ್ ತುಂಬಿರುತ್ತದೆ. ಅಳೆಯುವುದು ಗಡ್ಡೆಯ ಎಂಜಲನ್ನೇ. ಅದರ ಬದಲು ಮಿ.ಲೀ.ಗೆ 50 ನ್ಯಾನೋಗ್ರಾಂ ವಿಇಜಿಎಫ್ (ನಾಳ ಚಿಗುರಿಸಲು ಗಡ್ಡೆ ಸ್ರವಿಸುವ ಪ್ರೋಟೀನ್) ಹಾಕುವುದು ಮೇಲು. 2013ರಲ್ಲಿ ಬೆಲ್ಜಿಯಮ್‌ನ ಪೀಟರ್ ಕಾರ್ಮೆಲೀಟ್ ತಂಡ, ಗ್ಲೂಕೋಸ್ ಒಡೆಯುವ ಈ ಕ್ರಿಯೆಗೆ (ಗ್ಲೈಕಾಲಿಸಿಸ್) ವೇಗ ಕೊಡುವ ಪಿಎಫ್‌ಕೆಎಫ್‌ಬಿ3 ಕಿಣ್ವವನ್ನು ತಗ್ಗಿಸಿದರೆ ನಾಳ ಚಿಗುರುವುದು ಕುಗ್ಗುತ್ತದೆ ಎಂದು ತೋರಿಸಿತು. 2016ರಲ್ಲಿ ಇಲಿಗಳಲ್ಲಿ ಅದೇ ಕಿಣ್ವವನ್ನು ತಡೆದಾಗ ಗಡ್ಡೆಯ ಸೋರುವ ನಾಳಗಳು ಬಿಗಿಯಾಗಿ, ಕ್ಯಾನ್ಸರ್ ಹರಡುವುದು ಕಡಿಮೆಯಾಯಿತು. ಇದನ್ನೋದಿ ಮನೆಯ ರೋಗಿಗೆ ಅನ್ನ, ಸಕ್ಕರೆ ನಿಲ್ಲಿಸಬೇಡಿ. ಉಪವಾಸವಿದ್ದರೂ ಯಕೃತ್ತು ರಕ್ತಕ್ಕೆ ಗ್ಲೂಕೋಸ್ ಒದಗಿಸುತ್ತಲೇ ಇರುತ್ತದೆ, ಕರಗುವುದು ರೋಗಿಯ ತೂಕ.

ಐದನೇ ಪ್ಯಾಸೇಜ್ (ಹೊಸ ಫ್ಲಾಸ್ಕಿಗೆ ವರ್ಗಾವಣೆ) ದಾಟಿದ ಕೋಶಗಳನ್ನು ಈ ಅಳತೆಗೆ ಬಳಸಬೇಡಿ, ಅವುಗಳ ಸ್ವಭಾವ ಬದಲಾಗಿರುತ್ತದೆ. ಎರಡನೇ ಪ್ಯಾಸೇಜ್‌ನಲ್ಲೇ, ಹೆಪ್ಪುಗಟ್ಟುವಾಗ ಕೋಶ ಕಾಯುವ ಡಿಎಂಎಸ್‌ಒ ಶೇ. 10 ಬೆರೆಸಿ, ವಯಲ್‌ಗೆ 5 ಲಕ್ಷದಂತೆ ದ್ರವ ನೈಟ್ರೋಜನ್‌ಗೆ ಸೇರಿಸಿಡಿ.