ಅಪ್ಪನ ಹೆಸರಿಗಂಟಿದ ಒಂದು ‘ಎನ್’

ಮಸ್ಕತ್‌ನಿಂದ ಅಣ್ಣ ಫೋನ್ ಮಾಡಿದ್ದು ರಾತ್ರಿ ಊಟಕ್ಕೆ ಕೂತ ಹೊತ್ತಿಗೆ. “ಎಂತ ಮಾರಾಯ್ತಿ, ನಿನ್ನ ಅಪ್ಪ ಯಾರು?” ಅಂದ. ತಮಾಷೆ ಅಂದುಕೊಂಡೆ. ನನ್ನನ್ನು ಒಂದು ತಿಂಗಳ ಮಟ್ಟಿಗೆ ಅಲ್ಲಿಗೆ ಕರೆಸಿಕೊಳ್ಳಲು ಅವನು ವೀಸಾ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರಿಗೆ ಕಾಗದ ಕೊಟ್ಟಿದ್ದನಂತೆ. ಅಲ್ಲಿ ಕೂತಿದ್ದ ಮಲಯಾಳಿ ಹುಡುಗ ಇಬ್ಬರ ಪಾಸ್‌ಪೋರ್ಟಿನ ಕೊನೆಯ ಪುಟ ಅಕ್ಕಪಕ್ಕ ಇಟ್ಟು, “ಚೇಟ್ಟಾ, ಇದು ಸ್ವಂತ ತಂಗಿಯೇ ಅಲ್ವಾ?” ಅಂತ ಕೇಳಿದನಂತೆ. ಅಣ್ಣನದರಲ್ಲಿ ಅಪ್ಪನ ಹೆಸರು ನಾರಾಯಣ. ನನ್ನದರಲ್ಲಿ ನಾರಾಯಣನ್. ಇಂಗ್ಲಿಷಿನಲ್ಲಿ ಒಂದೇ ಒಂದು ‘ಎನ್’ ಹೆಚ್ಚು.

ಕೇರಳದ ಕಾಸರಗೋಡಿನಲ್ಲಿ, ಚಂದ್ರಗಿರಿ ಹೊಳೆಯಿಂದ ಬಡಗಿಗೆ ಇರುವ ಕನ್ನಡದವರಾದ ನಮಗೆ ಈ ‘ನ್’ ಹೊಸತಲ್ಲ. ಮನೆಯಲ್ಲಿ ಕೃಷ್ಣ, ಗೋವಿಂದ, ಮಾಧವ ಅಂತ ಕರೆಸಿಕೊಳ್ಳುವವರು ಕಾಗದದಲ್ಲಿ ಕೃಷ್ಣನ್, ಗೋವಿಂದನ್, ಮಾಧವನ್ ಆಗಿಬಿಡುತ್ತಾರೆ. ಬರೆಯುವವರು ಬೇಕೆಂದೇ ಮಾಡುವುದೂ ಅಲ್ಲ. ಮಲಯಾಳದ ಕಿವಿಗೆ ಗಂಡಸಿನ ಹೆಸರು ‘ನ್’ ಇಲ್ಲದೆ ಮುಗಿದ ಹಾಗೆ ಕೇಳಿಸುವುದಿಲ್ಲ. ಊರುಗಳೂ ಹಾಗೆಯೇ. ಕನ್ನಡದ ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ; ನಮ್ಮ ಕುಂಬಳೆಗೆ ಇಂಗ್ಲಿಷಿನಲ್ಲಿ ಕಮ್ಮಿಯೆಂದರೆ ಎರಡು ಸ್ಪೆಲ್ಲಿಂಗ್.

ನನ್ನ ಮೊದಲ ಪಾಸ್‌ಪೋರ್ಟ್ 2013ರದ್ದು. ಆಗ ಅರ್ಜಿ ತುಂಬಿದವ ಪೇಟೆಯ ಕಂಪ್ಯೂಟರ್ ಅಂಗಡಿಯ ಹುಡುಗ. ಅಪ್ಪನ ಹೆಸರಿಗೆ ನಾನು ಅವನ ಮುಂದೆ ಇಟ್ಟದ್ದು ರೇಷನ್ ಕಾರ್ಡು. ಅದರಲ್ಲಿ ಮಲಯಾಳದಲ್ಲಿ ‘ನಾರಾಯಣನ್’ ಎಂದಿತ್ತು, ಕೊನೆಯಲ್ಲಿ ಬಾಲ ಸುತ್ತಿಕೊಂಡ ಆ ಪುಟ್ಟ ಚಿಲ್ಲಕ್ಷರ, ಅಂದರೆ ಸ್ವರವಿಲ್ಲದ ‘ನ್’. ಅವನು ಕಂಡದ್ದನ್ನು ಟೈಪ್ ಮಾಡಿದ, ನಾನು ಓದದೆ ಸಹಿ ಹಾಕಿದೆ. ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವಳು ನಾನು. ನಾಲ್ಕಾಣೆ ಹೆಚ್ಚು ಕಮ್ಮಿಯಾದರೆ ಹಿಡಿಯುತ್ತೇನೆ. ಅಪ್ಪನ ಹೆಸರನ್ನು ಹತ್ತು ವರ್ಷ ನೋಡಿರಲಿಲ್ಲ.

2022ರ ನವೆಂಬರಿನಲ್ಲೇ ಒಮ್ಮೆ ನೋಡಬಹುದಿತ್ತು. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದವರನ್ನು ವಿಸಿಟ್ ವೀಸಾದಲ್ಲಿ ಯುಎಇ ಒಳಗೆ ಬಿಡುವುದಿಲ್ಲ ಅಂತ ವಿಮಾನ ಕಂಪನಿಗಳ ಸುತ್ತೋಲೆ ಬಂದು, ಕಾಸರಗೋಡಿನಲ್ಲಿ ಮನೆಮನೆಯ ಕಪಾಟೂ ತೆರೆದುಕೊಂಡ ವಾರ ಅದು. ಆಮೇಲೆ, ಕೊನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕು ಎಂಬ ಸಮಜಾಯಿಷಿಯೂ ಬಂತು. ನಾನೂ ಪಾಸ್‌ಪೋರ್ಟ್ ತೆಗೆದು ನೋಡಿದ್ದೆ. ಮೊದಲ ಪುಟದಲ್ಲಿ ನನಗೆ ಎರಡು ಹೆಸರು ಇದ್ದದ್ದು ಕಂಡು ಸಮಾಧಾನವಾಗಿ, ಹಿಂದಿನ ಪುಟ ತಿರುಗಿಸದೆ ಒಳಗಿಟ್ಟೆ.

ಒಂದು ಮಾತು ಮೊದಲೇ ಗೊತ್ತಿದ್ದರೆ ನನ್ನ ಅರ್ಧ ಗೊಂದಲ ತಪ್ಪುತ್ತಿತ್ತು: ಪಾಸ್‌ಪೋರ್ಟಿನಲ್ಲಿ ‘ತಿದ್ದುಪಡಿ’ ಅಂತ ಇಲ್ಲ. ಇರುವುದು ರೀ-ಇಶ್ಯೂ ಮಾತ್ರ. ಅವಧಿ ಮುಗಿಯಲಿ, ಪುಟ ತುಂಬಲಿ, ಹರಿಯಲಿ, ಕಳೆಯಲಿ, ಒಂದಕ್ಷರ ತಪ್ಪಾಗಲಿ, ಎಲ್ಲಕ್ಕೂ ಹೊಸ ಪುಸ್ತಕ, ಹೊಸ ನಂಬರ್. ಹಳೆಯದಕ್ಕೆ ರದ್ದು ಮುದ್ರೆ ಬೀಳುತ್ತದೆ. ಹಾಗಾಗಿ ಹಳೆ ನಂಬರಿನಲ್ಲಿ ಅಣ್ಣ ಶುರು ಮಾಡಿದ್ದ ವೀಸಾದ ಕೆಲಸವನ್ನು ಅಲ್ಲಿಗೇ ಬಿಡಬೇಕಾಯಿತು. ನನ್ನದರ ಅವಧಿ 2023ರ ಮೇಯಲ್ಲಿ ಮುಗಿಯುವುದಿತ್ತು. ಆರು ತಿಂಗಳ ಅವಧಿಯಾದರೂ ಉಳಿದಿರದೆ ಗಲ್ಫಿಗೆ ಹೋಗುವಂತೆಯೂ ಇಲ್ಲ. ಹೇಗೂ ಹೊಸತು ಮಾಡಿಸಬೇಕು, ಜತೆಗೆ ‘ಎನ್’ ಕೂಡ ಹೋಗಲಿ ಅಂದುಕೊಂಡೆ.

ಆದರೂ ಪುನಃ ಅಂಗಡಿಗೇ ಹೋದೆ. ಬುದ್ಧಿ ಬರಲಿಲ್ಲ ಅಂತಲೇ ಹೇಳಬೇಕು. ಈ ಸಲದ ಅಂಗಡಿ ಬೇರೆ. ಅಲ್ಲಿಯವರು ಮೊದಲು ಹೇಳಿದ್ದು ಸ್ಟಾಂಪ್ ಪೇಪರಿನಲ್ಲಿ ನೋಟರಿ ಅಫಿಡವಿಟ್ ಬೇಕು ಅಂತ. ಮಾಡಿಸಿದೆ, ದುಡ್ಡೂ ಕೊಟ್ಟೆ. 2016ರ ಡಿಸೆಂಬರಿನಲ್ಲೇ ನಿಯಮ ಸಡಿಲಿಸಿ, ಅರ್ಜಿಯ ಜತೆ ಕೊಡುವ ಘೋಷಣೆಗಳನ್ನೆಲ್ಲ (ಅನೆಕ್ಷರುಗಳನ್ನು) ಬಿಳಿ ಹಾಳೆಯಲ್ಲಿ ನಾವೇ ಬರೆದು ಸಹಿ ಹಾಕಿಕೊಟ್ಟರೆ ಸಾಕು ಅಂತ ಮಾಡಿದ್ದಾರೆ ಎಂದು ನನಗೆ ತಿಳಿದದ್ದು ಆಮೇಲೆ. ಆ ಅಫಿಡವಿಟನ್ನು ಕೊನೆಯವರೆಗೆ ಒಬ್ಬರೂ ಕೇಳಲಿಲ್ಲ. ಈಗ ಅದು ನನ್ನ ಫೈಲಿನಲ್ಲಿ ಬಾಕಿ ಕಾಗದ ಮಡಚದಂತೆ ರಟ್ಟಿನ ಕೆಲಸ ಮಾಡುತ್ತಿದೆ.

ಎರಡನೆಯ ಎಡವಟ್ಟು ಇದಕ್ಕಿಂತ ದುಬಾರಿ. ಅರ್ಜಿಯಲ್ಲಿ ರೀ-ಇಶ್ಯೂ ಯಾಕೆ ಅಂತ ಕಾರಣ ಹಾಕಬೇಕು. ಅವರು ‘ಅವಧಿ ಮುಗಿಯುತ್ತಿದೆ’ ಎಂಬುದಕ್ಕೆ ಗುರುತು ಹಾಕಿದರು. ವಿವರ ಬದಲಾಗಬೇಕು ಎಂಬ ಚೌಕ ಖಾಲಿ. ಅಪ್ಪನ ಹೆಸರನ್ನು ಹಳೆ ಪಾಸ್‌ಪೋರ್ಟ್ ನೋಡಿಯೇ ಟೈಪ್ ಮಾಡಿದರು, ಬಾಲ ಸಮೇತ! 1500 ರೂಪಾಯಿ ಕಟ್ಟಿಯೂ ಆಯಿತು. ಮನೆಗೆ ಬಂದು ಪ್ರಿಂಟ್ ಓದುವಾಗ ಕಣ್ಣಿಗೆ ಬಿತ್ತು. ಒಮ್ಮೆ ಸಬ್ಮಿಟ್ ಆದ ಅರ್ಜಿಯನ್ನು ಪುನಃ ತೆರೆದು ಬದಲಿಸಲು ಬರುವುದಿಲ್ಲ, ಕಟ್ಟಿದ ಫೀಸು ವಾಪಸಾಗುವುದೂ ಇಲ್ಲ. ಒಂದು ‘ಎನ್’ನ ಬೆಲೆ ಸಾವಿರದ ಐನೂರು ಅಂತ ನನ್ನ ಗಂಡ ನಕ್ಕರು. ನನಗೆ ನಗು ಬರಲಿಲ್ಲ.

ಹೊಸ ಅರ್ಜಿಯನ್ನು ನಾನೇ ತುಂಬಿದೆ, ಆದರೆ ಒಂದೂವರೆ ತಿಂಗಳು ತಡೆದು. ಯಾಕೆಂದರೆ ಅಪ್ಪ ಎಲ್ಲೆಲ್ಲಿ ನಾರಾಯಣ, ಎಲ್ಲೆಲ್ಲಿ ನಾರಾಯಣನ್ ಅಂತ ಮೊದಲು ಪಟ್ಟಿ ಮಾಡಬೇಕಿತ್ತು. ಊಟದ ಮೇಜಿನ ಮೇಲೆ ಕಾಗದ ಹರಡಿದೆವು. ನನ್ನ ಜನನ ಪ್ರಮಾಣಪತ್ರ, ಎಸ್‌ಎಸ್‌ಎಲ್‌ಸಿ ಬುಕ್, ಅಣ್ಣನ ಪಾಸ್‌ಪೋರ್ಟಿನ ನಕಲು, ಅಪ್ಪನ ಪ್ಯಾನ್ ಕಾರ್ಡ್: ನಾಲ್ಕರಲ್ಲೂ ನಾರಾಯಣ. ರೇಷನ್ ಕಾರ್ಡ್, ವೋಟರ್ ಕಾರ್ಡ್, ಆಧಾರ್: ಮೂರರಲ್ಲೂ ನಾರಾಯಣನ್. ಅಪ್ಪ ಕನ್ನಡಕ ಏರಿಸಿಕೊಂಡು ಎರಡೂ ರಾಶಿ ನೋಡಿ, “ನಾಲ್ಕಕ್ಕೆ ಮೂರು. ನಾನು ಗೆದ್ದೆ” ಅಂದರು.

ಆಧಾರ್ ಸರಿ ಮಾಡುವುದು ಸುಲಭ. ಪ್ಯಾನ್ ಕಾರ್ಡ್ ಹಿಡಿದುಕೊಂಡು ಸರಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರಕ್ಕೆ ಅಪ್ಪನನ್ನು ಕರಕೊಂಡು ಹೋದೆ, ಆಗ 50 ರೂಪಾಯಿ ಇತ್ತು. ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಬಹುದು ಎಂಬುದು ನೆನಪಿರಲಿ. ಅದಕ್ಕೇ ಎಂಟರ್ ಒತ್ತುವ ಮೊದಲು ಸ್ಕ್ರೀನ್ ತಿರುಗಿಸಿ ತೋರಿಸಿ ಅಂದೆ. ಇಂಗ್ಲಿಷ್ ಸರಿಯಿತ್ತು, ಮಲಯಾಳದ ಸಾಲಿನಲ್ಲಿ ಚಿಲ್ಲು ಹಾಗೇ ಉಳಿದಿತ್ತು. ಅದನ್ನೂ ತೆಗೆಸಿದೆ.

ಇನ್ನೊಂದು ಕಾಗದ ವಿಲ್ಲೇಜ್ ಆಫೀಸಿನದ್ದು. ಕೇರಳದಲ್ಲಿ ‘ವನ್ ಆಂಡ್ ದಿ ಸೇಮ್’ ಅಂತ ಒಂದು ಸರ್ಟಿಫಿಕೇಟ್ ಇದೆ: ಈ ಎರಡು ಹೆಸರಿನವರು ಒಬ್ಬರೇ ಅಂತ ವಿಲ್ಲೇಜ್ ಆಫೀಸರ್ ಕೊಡುವುದು. ನಮ್ಮ ಕಡೆಯವರಿಗೆ ಇದರಷ್ಟು ಉಪಕಾರದ ಕಾಗದ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಅಕ್ಷಯದಲ್ಲೇ ಸರಕಾರದ ಇ-ಡಿಸ್ಟ್ರಿಕ್ಟ್ ವೆಬ್‌ಸೈಟ್ ಮೂಲಕ ಅರ್ಜಿ ಹಾಕಿದೆ. ಜಾಗದ ದಾಖಲೆಯೂ ಇದ್ದರೆ ಒಳ್ಳೆಯದು ಅಂತ ವಿಲ್ಲೇಜಿನಿಂದ ಫೋನ್ ಬಂತು. “ಆಧಾರಂ ಕೊಂಡುವರಣಂ” ಅಂದರು. ಫೋನ್ ಎತ್ತಿದ್ದು ಅಮ್ಮ. ಅವರು ಹೊಸ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಪ್ಪನ ಕೈಯಲ್ಲಿ ಕಳುಹಿಸಿದರು. ಮಲಯಾಳದಲ್ಲಿ ಆಧಾರಂ ಅಂದರೆ ಜಾಗದ ಕ್ರಯಪತ್ರ. ಅಪ್ಪ ಬಿಸಿಲಲ್ಲಿ ಎರಡನೇ ಸಲ ಹೋಗಿ ಬಂದು ಆ ದಿನ ನನ್ನ ಹತ್ತಿರ ಮಾತಾಡಲಿಲ್ಲ.

ಇನ್ನು ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ. 2018ರಿಂದ ದೇಶದ ಯಾವ ಪಾಸ್‌ಪೋರ್ಟ್ ಕೇಂದ್ರದಲ್ಲಾದರೂ ಅರ್ಜಿ ಕೊಡಬಹುದು. ಪೊಲೀಸ್ ಪರಿಶೀಲನೆ ಮಾತ್ರ ಅರ್ಜಿಯಲ್ಲಿರುವ ವಿಳಾಸದ ಠಾಣೆಯಿಂದಲೇ. ಮಂಗಳೂರಿಗೆ ಹೋದರೆ ಕನ್ನಡದಲ್ಲಿ ಮಾತಾಡಬಹುದು, ನಾರಾಯಣ ಎಂಬ ಹೆಸರಿಗೆ ಯಾರೂ ಹುಬ್ಬೇರಿಸುವುದಿಲ್ಲ. ಕಾಸರಗೋಡಿನ ಅಂಚೆ ಕಚೇರಿಯ ಕೇಂದ್ರ ಇನ್ನೂ ಹತ್ತಿರ. ಅವಧಿ ಮುಗಿದದ್ದಕ್ಕೆ ಮಾತ್ರ ಅಂತಾದರೆ ಕಣ್ಣು ಮುಚ್ಚಿ ಅಲ್ಲಿಗೆ ಹೋಗಿ. ಆದರೆ ಅಂಚೆ ಕಚೇರಿಯಲ್ಲಿ ಕಾಗದ ನೋಡಿ ಮುಂದೆ ಕಳುಹಿಸುತ್ತಾರೆ, ಮಂಜೂರು ಮಾಡುವವರು ಕೂತಿರುವುದು ಕೋಝಿಕ್ಕೋಡಿನ ಪಾಸ್‌ಪೋರ್ಟ್ ಆಫೀಸಿನಲ್ಲಿ. ದೊಡ್ಡ ಕೇಂದ್ರದಲ್ಲಿ, ಅಂದರೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ, ಎ, ಬಿ, ಸಿ ಅಂತ ಮೂರು ಕೌಂಟರ್; ಮಂಜೂರು ಮಾಡುವ ಅಧಿಕಾರಿ ಅಲ್ಲೇ ಎದುರಿಗೆ ಸಿಗುತ್ತಾರೆ. ಹೆಸರಿನ ತಗಾದೆ ಇರುವವರಿಗೆ ಅದೇ ಒಳ್ಳೆಯದು, ಏನು ಕೇಳಿದರೂ ಬಾಯಿ ಬಿಟ್ಟು ಹೇಳಬಹುದಲ್ಲ. ನಾನು ಅಂಥ ಕೇಂದ್ರವಿರುವ ಪಯ್ಯನ್ನೂರು ಹಿಡಿದೆ. ಕುಂಬಳೆಯಿಂದ ರೈಲು ಹತ್ತಿದರೆ ಬಸ್ಸು ಬದಲಿಸುವ ರಗಳೆಯಿಲ್ಲ.

ಅರ್ಜಿ ತುಂಬುವಾಗ ಅವಧಿಯ ಕಾರಣ, ವಿವರ ಬದಲಾವಣೆಯ ಕಾರಣ ಎರಡಕ್ಕೂ ಗುರುತು ಹಾಕಿದೆ. ಬದಲಾವಣೆಯ ಪಟ್ಟಿಯಲ್ಲಿ ಅಪ್ಪನ ಹೆಸರಿಗೆಂದೇ ಚೌಕ ಸಿಗಲಿಲ್ಲ, ‘ಅದರ್ಸ್’ ಅಂತ ಆರಿಸಿ ಬರೆದೆ. ಮದುವೆಯಾದ ಮೇಲೆ ಬದಿಯಡ್ಕದಿಂದ ಕುಂಬಳೆಗೆ ಬಂದಿದ್ದರಿಂದ ವಿಳಾಸಕ್ಕೂ ಒಂದು ಗುರುತು. ಊರಿನ ಸ್ಪೆಲ್ಲಿಂಗ್ ನನ್ನ ಆಧಾರ್‌ನಲ್ಲಿ ಹೇಗಿತ್ತೋ ಹಾಗೇ, ಅಕ್ಷರಕ್ಕೆ ಅಕ್ಷರ. ಕುಂಬಳೆಗೆ ಯಾವುದು ಸರಿ ಎಂಬ ಅಭಿಮಾನದ ಚರ್ಚೆ ಆ ದಿನಕ್ಕೆ ಬೇಡ.

ಪಯ್ಯನ್ನೂರಿನಲ್ಲಿ ಎ ಕೌಂಟರಿನ ಹುಡುಗಿ ಫೋಟೋ ತೆಗೆದು, ಬೆರಳಚ್ಚು ಒತ್ತಿಸಿ, ಕಾಗದ ಸ್ಕ್ಯಾನ್ ಮಾಡಿದಳು. ನನ್ನ ಕಡೆಗೂ ಒಂದು ಸ್ಕ್ರೀನ್ ಇತ್ತು. ಅದನ್ನು ಓದಲು ಯಾರೂ ಅವಸರ ಮಾಡುವುದಿಲ್ಲ, ನಾವೇ ಗಾಬರಿಯಲ್ಲಿ ‘ಓಕೆ ಓಕೆ’ ಅಂದುಬಿಡುತ್ತೇವೆ. ನಾನು ಬೆರಳಿಟ್ಟು ಓದಿದೆ. ಬಿ ಕೌಂಟರಿನಲ್ಲಿದ್ದವರು ನಡು ವಯಸ್ಸಿನ ಮೇಡಂ. ಹಳೆ ಪಾಸ್‌ಪೋರ್ಟ್ ನೋಡಿದರು, ಅರ್ಜಿ ನೋಡಿದರು.

“ಅಚ್ಛನ್‌ಡೆ ಪೇರ್ ನಾರಾಯಣನ್ ಅಲ್ಲೇ?”

“ಅಲ್ಲ ಮೇಡಂ, ನಾರಾಯಣ. ಞಙ್ಙಳ್ ಕನ್ನಡಕ್ಕಾರಾಣ್.” ನಾವು ಕನ್ನಡದವರು ಅಂತ.

ಅವರು ಜನನ ಪ್ರಮಾಣಪತ್ರ ಕೇಳಿದರು. ಆಮೇಲೆ ಎಸ್‌ಎಸ್‌ಎಲ್‌ಸಿ ಬುಕ್. ಪೆನ್ನಿನ ತುದಿಯನ್ನು ಹೆಸರಿನ ಕೆಳಗೆ ಹಿಡಿದು ಒಂದೊಂದೇ ಅಕ್ಷರ ಸರಿಸುತ್ತ ಹೋದರು. ಕೊನೆಯ ‘ಎ’ ಹತ್ತಿರ ನಿಂತು, ಅದರ ಮುಂದಿನ ಖಾಲಿ ಜಾಗವನ್ನೂ ಒಂದು ಕ್ಷಣ ನೋಡಿದರು. ಅಪ್ಪನ ಆಧಾರ್ ಕೊಟ್ಟೆ. ವಿಲ್ಲೇಜಿನ ಸರ್ಟಿಫಿಕೇಟನ್ನು ಅವರು ಕೇಳುವ ಮೊದಲೇ ಮುಂದಿಟ್ಟೆ. ಅದನ್ನು ಓದಿದ ಮೇಲೆ ಮುಖ ಸಡಿಲವಾಯಿತು. ಸಿ ಕೌಂಟರಿನ ಸರ್ ಎರಡೇ ಪ್ರಶ್ನೆ ಕೇಳಿ ಹಳೆಯದಕ್ಕೆ ರದ್ದು ಮುದ್ರೆ ಒತ್ತಿ ವಾಪಸು ಕೊಟ್ಟರು. ಹೊರಗೆ ಬರುವ ಮೊದಲು ಕೊಡುವ ಚೀಟಿಯನ್ನು ಬಾಗಿಲಲ್ಲೇ ನಿಂತು ಓದಿ. ತಪ್ಪಿದ್ದರೆ ಆಗಲೇ ಒಳಗೆ ಹೋಗಿ ಹೇಳಬಹುದು; ಪುಸ್ತಕ ಅಚ್ಚಾದ ಮೇಲೆ ಪುನಃ ಮೊದಲಿನಿಂದ.

ಒಂದು ವಾರದಲ್ಲಿ ಕುಂಬಳೆ ಠಾಣೆಯಿಂದ ಪೊಲೀಸರು ಮನೆಗೆ ಬಂದರು. ಜಗಲಿಯಲ್ಲಿ ಕೂತು, ಅಮ್ಮ ಅಂದು ಇಲ್ಲೇ ಇದ್ದುದರಿಂದ ಅವರು ಕೊಟ್ಟ ಮಜ್ಜಿಗೆ ಕುಡಿದು, ಡೈರಿ ತೆಗೆದು ಅಪ್ಪನ ಹೆಸರು ಕೇಳಿದರು. ಹೇಳಿದೆ. ಅವರು ಬರೆಯುವುದನ್ನು ಬಗ್ಗಿ ನೋಡಿದೆ. ನಾರಾಯಣ ಆಯಿತು, ಪೆನ್ನು ನಿಲ್ಲಲಿಲ್ಲ.

“ಸರ್, ಅಷ್ಟೇ ಸಾಕು” ಅಂದೆ.

ಬರೆದ ಅರ್ಧ ಚಿಲ್ಲನ್ನು ಅವರು ಗೀಟು ಹಾಕಿ ಹೊಡೆದರು.

ಹತ್ತು ದಿನ ಬಿಟ್ಟು ಸ್ಪೀಡ್ ಪೋಸ್ಟ್ ಬಂತು. ಅಂಚೆಯವರು ನನ್ನ ಕೈಗೇ ಕೊಡಬೇಕು ಅಂತ ಕೆಲಸದಿಂದ ಬರುವವರೆಗೆ ಹಿಡಿದಿಟ್ಟಿದ್ದರು. ಲಕೋಟೆ ಒಡೆದು ಈ ಸಲ ಹಿಂದಿನಿಂದ ತೆರೆದೆ. ಸರಿಯಿತ್ತು. ಫೋಟೋ ತೆಗೆದು ಅಣ್ಣನಿಗೆ ಕಳುಹಿಸಿದೆ, “ಈಗ ತಂಗಿ” ಅಂತ ಉತ್ತರ ಬಂತು.

ರೇಷನ್ ಕಾರ್ಡಿನಲ್ಲಿ ಅಪ್ಪ ಇನ್ನೂ ನಾರಾಯಣನ್. ಅದನ್ನೂ ಸರಿ ಮಾಡಿಸುವ ಅಂದರೆ, ಅಕ್ಕಿ ಕೊಡುವಾಗ ಯಾರೂ ಹೆಸರು ಓದುವುದಿಲ್ಲ ಬಿಡು ಅನ್ನುತ್ತಾರೆ.